ಪೂರ್ವಕಥೆಗೂ ವಿದ್ಯೆಗೂ ತಾಳೆ ಬೀಳಬೇಕು

ಲಾರ್ಪ್ ಎಂಬ ಬಯಲಿನ ವೇಷದಾಟದಲ್ಲಿ ವಿದ್ಯೆಗಳನ್ನು ಕೊಳ್ಳಲು 30 ಪಾಯಿಂಟ್ ಕೈಗೆ ಕೊಟ್ಟು ‘ನಿಮ್ಮ ಪಾತ್ರ ನೀವೇ ಕಟ್ಟಿಕೊಳ್ಳಿ’ ಎಂದರೆ ಹೊಸಬರಲ್ಲಿ ಹೆಚ್ಚಿನವರು ನಿವೃತ್ತ ದಂಡನಾಯಕರಾಗಿಯೇ ಬರುತ್ತಾರೆ. ಹತ್ತು ಯುದ್ಧ ಗೆದ್ದವರು, ಮೈತುಂಬ ಗಾಯದ ಕಲೆ, ಹೆಸರು ಕೇಳಿದರೆ ಶತ್ರುಗಳಿಗೆ ನಡುಕ. ಹಾಳೆ ತಿರುಗಿಸಿ ವಿದ್ಯೆಗಳ ಪಟ್ಟಿ ನೋಡಿದರೆ ಅಲ್ಲಿರುವುದು ಒಂದು ಕತ್ತಿ, ಒಂದು ಗುರಾಣಿ, ಎಲ್ಲರಿಗೂ ಇರುವಷ್ಟೇ ಪ್ರಾಣ (ಪೆಟ್ಟು ತಾಳುವ ಲೆಕ್ಕ). ಮೊದಲ ಚಕಮಕಿಯಲ್ಲೇ ಯಾರದೋ ಈಟಿಗೆ ದಂಡನಾಯಕರು ನೆಲಕ್ಕುರುಳುತ್ತಾರೆ. ಆಮೇಲೆ ಎರಡು ದಿನ ಅವರ ಪೂರ್ವಕಥೆಯನ್ನು ಯಾರೂ ನಂಬುವುದಿಲ್ಲ. ಆಡುತ್ತಿರುವವರಿಗೂ ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚವಾಗುತ್ತದೆ. ಆಟ ಕೆಡುವುದು ಇಲ್ಲಿಂದ.

ಮುಂಬಯಿ, ಠಾಣೆ, ಡೊಂಬಿವಲಿಯ ಕನ್ನಡಿಗರು ಸೇರಿ ಕನ್ನಡದಲ್ಲಿ ಆಡುವ ಲಾರ್ಪ್‌ಗೆ ಪಾತ್ರ ಕಟ್ಟುವ ಕೆಲಸವನ್ನು ನಾವು ಹೇಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಗೊತ್ತಿಲ್ಲದವರಿಗೆ ಎರಡು ಮಾತು: ಲಾರ್ಪ್ ಎಂದರೆ ವೇಷ ತೊಟ್ಟು, ಫೋಮ್ ಕತ್ತಿ ಹಿಡಿದು, ಕಲ್ಪಿತ ಲೋಕದ ಒಂದು ಪಾತ್ರವಾಗಿ ಬಯಲಲ್ಲಿ ಆಡುವ ಆಟ. ಪ್ರೇಕ್ಷಕರಿಲ್ಲ, ಬರೆದುಕೊಟ್ಟ ಮಾತಿಲ್ಲ. ಮೇಜಿನ ಸುತ್ತ ಕುಳಿತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಅಮೆರಿಕದಲ್ಲಿ ಡ್ಯಾಗೊರ್‌ಹಿರ್ 1977ರಲ್ಲೂ, ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ ಟ್ರೆಷರ್ ಟ್ರ್ಯಾಪ್ 1982ರಲ್ಲೂ ಶುರುವಾಗಿ ಬಯಲಿನ ಆಟಕ್ಕೆ ದಾರಿ ಮಾಡಿದವು. ನಮ್ಮದು ಕರ್ಜತ್ ಕಡೆಯ ಬಾಡಿಗೆ ಫಾರ್ಮ್‌ಹೌಸ್‌ನಲ್ಲಿ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ, 24 ಆಟಗಾರರು ಮತ್ತು 6 ನಡೆಸುವವರು ಸೇರಿ ಆಡುವ ಆಟ. ಕರ್ಜತ್ ಮುಂಬಯಿ-ಪುಣೆ ರೈಲುದಾರಿಯಲ್ಲೇ ಇರುವುದರಿಂದ ಪುಣೆಯವರಿಗೂ ಅನುಕೂಲ. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಮುಗಿಸಿಬಿಡಬೇಕು. ಮಳೆಗಾಲದಲ್ಲಿ ಅಲ್ಲಿ ಕಾಲಿಡುವಲ್ಲೆಲ್ಲ ಜಾರುತ್ತದೆ.

ಪಾತ್ರ ಕಟ್ಟುವವರಿಗೆ ನಾವು ಮೊದಲು ನೆನಪಿಸುವುದು ಅಜ್ಞಾತವಾಸವನ್ನು. ವಿರಾಟನ ಅರಮನೆಗೆ ಹೊರಟಾಗ ಪಾಂಡವರು ವೇಷವನ್ನು ಹೇಗೆ ಆರಿಸಿಕೊಂಡರು? ಅಡುಗೆ ಬಲ್ಲ ಭೀಮ ವಲಲನಾದ. ನಾಟ್ಯ ಕಲಿತಿದ್ದ ಅರ್ಜುನ ಬೃಹನ್ನಳೆಯಾದ. ಪಗಡೆಯ ಹುಚ್ಚಿದ್ದ ಧರ್ಮರಾಯ ಕಂಕಭಟ್ಟನಾದ. ನಕುಲ ಕುದುರೆ ಲಾಯಕ್ಕೆ, ಸಹದೇವ ದನದ ಹಟ್ಟಿಗೆ ಹೋದರು. ಕೈಯಲ್ಲಿದ್ದ ವಿದ್ಯೆಯನ್ನು ಮೊದಲು ನೋಡಿಕೊಂಡರು, ಅದಕ್ಕೆ ಒಪ್ಪುವ ಕಥೆಯನ್ನು ಆಮೇಲೆ ಹೊಲಿದುಕೊಂಡರು. ಹಾಗೆ ಮಾಡಿದ್ದರಿಂದಲೇ ವರ್ಷವಿಡೀ ಆ ವೇಷ ನಿಂತಿತು. ನಮ್ಮ ಕ್ರಮವೂ ಅದೇ: ಮೊದಲು ವಿದ್ಯೆ, ಆಮೇಲೆ ಪೂರ್ವಕಥೆ, ಕೊನೆಗೆ ಎರಡರ ತಾಳೆ. ಕಥೆ ಮೊದಲು ಬರೆದು ವಿದ್ಯೆ ಆಮೇಲೆ ಕೊಳ್ಳಲು ಹೋದರೆ ಕಥೆ ಹಿಗ್ಗುತ್ತಲೇ ಹೋಗುತ್ತದೆ, ಪಾಯಿಂಟ್ ಮಾತ್ರ 30ಕ್ಕೇ ನಿಂತಿರುತ್ತದೆ.

ಬಯಲಿನ ಆಟದಲ್ಲಿ ವಿದ್ಯೆಗಳು ಎರಡು ಬಗೆ. ಈ ಭೇದ ಗೊತ್ತಿಲ್ಲದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಒಂದು, ಆಟಗಾರರು ನಿಜವಾಗಿಯೂ ಮಾಡಿ ತೋರಿಸಬೇಕಾದದ್ದು: ಕತ್ತಿ ಬೀಸುವುದು, ಓಡುವುದು, ಅಡಗುವುದು, ಮಾತಿನಲ್ಲಿ ಒಪ್ಪಿಸುವುದು. ಇನ್ನೊಂದು, ಹಾಳೆಯ ಮೇಲೆ ಬರೆದಿದೆ ಎಂಬ ಕಾರಣಕ್ಕೆ ನಡೆಯುವಂಥದ್ದು: ಗಾಯ ಮಾಯಿಸುವುದು, ಮಂತ್ರ ಹಾಕುವುದು, ಗೊತ್ತಿಲ್ಲದ ಲಿಪಿ ಓದುವುದು, ರತ್ನದ ಬೆಲೆ ಕಟ್ಟುವುದು. ಮೇಜಿನ ಆಟದಲ್ಲಿ ಎರಡಕ್ಕೂ ದಾಳ ಇದೆ. ಮೆತ್ತಗೆ ಮಾತಾಡುವವರೂ ದಾಳ ಉರುಳಿಸಿ ರಾಜನನ್ನು ಒಲಿಸಿಕೊಳ್ಳಬಹುದು. ಬಯಲಲ್ಲಿ ದಾಳವಿಲ್ಲ, ಎದುರಿಗೆ ನಿಂತವರು ಒಪ್ಪಬೇಕು. ಆದ್ದರಿಂದ ‘ಮಾತುಗಾರಿಕೆ’ ಎಂಬ ವಿದ್ಯೆಯನ್ನು ನಾವು ಮಾರುವುದೇ ಇಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವರೊಬ್ಬರು ಆಟಕ್ಕೆ ಬಂದರೆ ಅವರಿಗೆ ಪಾಯಿಂಟ್ ಖರ್ಚಿಲ್ಲದೆಯೇ ಆ ಬಲ ಇರುತ್ತದೆ. ಅದನ್ನು ಕಿತ್ತುಕೊಳ್ಳುವ ನಿಯಮ ಮಾಡಲು ಹೋಗಬಾರದು, ಹೋದರೆ ಅವರು ಬಾಯಿ ಮುಚ್ಚಿ ಕೂರಬೇಕಾಗುತ್ತದೆ.

ಹಾಗಾದರೆ ಸಂಕೋಚದವರು ರಾಯಭಾರಿ ಆಗಬಾರದೇ? ಆಗಬಹುದು. ಅವರ ಪೂರ್ವಕಥೆಯಲ್ಲಿ ಮಾತಿಗೆ ಬದಲು ವಸ್ತು ಇರಬೇಕು: ಅರಗು ಒತ್ತಿದ ಓಲೆ, ರಾಜಮುದ್ರೆಯ ಉಂಗುರ, ಎರಡು ಸಾಲಿನ ಸಂದೇಶ. ಓಲೆ ಮುಂದೆ ಹಿಡಿದು ಸುಮ್ಮನೆ ನಿಂತರೂ ಆ ರಾಯಭಾರಿಗೆ ತೂಕ ಬರುತ್ತದೆ. ಇದಕ್ಕೆ ‘ಮುದ್ರಾಧಿಕಾರ’ ಎಂಬ ವಿದ್ಯೆ ಇದೆ, ಬೆಲೆ 5.

ಬೆಲೆಗಳ ಮಾತು ಬಂದಿದ್ದರಿಂದ ಪಟ್ಟಿಯನ್ನೂ ಹೇಳಿಬಿಡುತ್ತೇವೆ. ಕಿರುಗತ್ತಿ 2, ಕತ್ತಿ 5, ಈಟಿ 6, ಗುರಾಣಿ 6, ಬಿಲ್ಲು 8. ಎಲ್ಲರಿಗೂ 3 ಪ್ರಾಣ ಉಚಿತ, ಅದರ ಮೇಲೆ ಒಂದೊಂದಕ್ಕೂ 6. ಗಾಯ ಕಟ್ಟುವುದು 4. ಮದ್ದು 8, ಆದರೆ ಗಾಯ ಕಟ್ಟಲು ಬಂದವರಿಗೆ ಮಾತ್ರ. ಓದು 3, ಎರಡನೇ ಲಿಪಿ 4. ಬೆಲೆ ಕಟ್ಟುವುದು 3, ಪ್ರಾಣಿಗಳ ಜ್ಞಾನ 3, ಹೆಜ್ಜೆ ಗುರುತು ಹಿಡಿಯುವುದು 4, ಬೀಗ ತೆಗೆಯುವುದು 5. ಮೊದಲ ಮಂತ್ರಕ್ಕೆ 10, ಆಮೇಲಿನವಕ್ಕೆ 4. ‘ಬಳಗ’ 5: ಆಟಕ್ಕೊಮ್ಮೆ ನಡೆಸುವವರ ಬಳಿ ಬಂದು ‘ನಮ್ಮವರಿಂದ ಏನಾದರೂ ಸುದ್ದಿ ಇದೆಯೇ’ ಎಂದು ಕೇಳಿದರೆ ನಿಜವಾದ ಒಂದು ಸುದ್ದಿ ಸಿಗುತ್ತದೆ. ಆಯುಧದ ಅಳತೆಯೂ ವಿದ್ಯೆಗೆ ಕಟ್ಟುಬಿದ್ದಿದೆ. 45 ಸೆಂಟಿಮೀಟರ್ ಒಳಗಿದ್ದರೆ ಕಿರುಗತ್ತಿ, 105ರವರೆಗೆ ಕತ್ತಿ. ನಿಜಜೀವನದಲ್ಲಿ ಫೆನ್ಸಿಂಗ್ ಆಡುವವರು ಕರಣಿಕನ ಪಾತ್ರ ಕಟ್ಟಿ ಕತ್ತಿ ಕೊಳ್ಳದಿದ್ದರೆ, ಕಣದಲ್ಲಿ ಬಿದ್ದಿರುವ ಉದ್ದ ಕತ್ತಿಯನ್ನು ಅವರು ಮುಟ್ಟುವಂತಿಲ್ಲ. ಮೈಗೆ ಬಂದ ವಿದ್ಯೆಯನ್ನು ಪಾತ್ರದಿಂದ ದೂರ ಇಡಲು ಇರುವ ಸರಳ ಉಪಾಯ ಇದೊಂದೇ.

ಇನ್ನು ಕೆಲಸದ ಕ್ರಮ. ಆಟಕ್ಕೆ ಐದು ವಾರ ಮುಂಚೆ ಒಂದು ಗೂಗಲ್ ಫಾರ್ಮ್ ಹೋಗುತ್ತದೆ. ಅದರಲ್ಲಿ ಪಾತ್ರದ ಹೆಸರನ್ನೂ ಕೇಳುವುದಿಲ್ಲ. ಕೇಳುವುದು ಮೂರೇ ಕ್ರಿಯಾಪದ: ಈ ಎರಡು ದಿನ ನೀವು ಏನೇನು ಮಾಡುತ್ತಿರಬೇಕು ಎಂದು ಆಸೆ? ‘ಕಾದಾಡಬೇಕು, ಕಾಯಬೇಕು, ಹಾಡಬೇಕು’ ಎಂದು ಒಬ್ಬರು, ‘ಕದಿಯಬೇಕು, ಸುಳ್ಳು ಹೇಳಬೇಕು, ತಪ್ಪಿಸಿಕೊಳ್ಳಬೇಕು’ ಎಂದು ಇನ್ನೊಬ್ಬರು. ‘ನಾಯಕ ಆಗಬೇಕು’ ಎಂದು ಬರೆದರೆ ವಾಪಸ್ ಕಳಿಸುತ್ತೇವೆ, ಅದು ಮಾಡುವ ಕೆಲಸವಲ್ಲ, ಬೇರೆಯವರು ಕೊಡುವ ಸ್ಥಾನ. ಜೊತೆಗೆ ದೇಹದ ವಿಚಾರವನ್ನೂ ಕೇಳುತ್ತೇವೆ: ಓಡಬಲ್ಲಿರಾ, ರಾತ್ರಿ ಕಣ್ಣು ಸರಿ ಕಾಣುತ್ತದೆಯೇ, ಉಬ್ಬಸ ಇದೆಯೇ, ಮೊಣಕಾಲು ಹೇಗಿದೆ. ಮೊಣಕಾಲು ನೋವಿನವರು ಈಟಿ ಕೊಂಡರೆ 6 ಪಾಯಿಂಟ್ ನೀರಿಗೆ ಹಾಕಿದಂತೆ, ಈಟಿಯವರಿಗೆ ಹಿಂದೆ ಸರಿಯುವ ಕಾಲು ಬೇಕು. ಮೊಣಕಾಲು ನೋವಿನವರಿಗೆ ಗುರಾಣಿ ಹೊಂದುತ್ತದೆ.

ಕನ್ನಡ ಓದಲು ಬರುತ್ತದೆಯೇ ಎಂದೂ ಕೇಳುತ್ತೇವೆ. ಮುಂಬಯಿಯಲ್ಲಿ ಇದು ಮುಖ್ಯ. ಇಲ್ಲೇ ಹುಟ್ಟಿ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಕಲಿತ ಎಷ್ಟೋ ಮಕ್ಕಳು ಮನೆಯಲ್ಲಿ ಚೆನ್ನಾಗಿ ಕನ್ನಡ ಆಡುತ್ತಾರೆ, ಅಕ್ಷರ ಮಾತ್ರ ಗೊತ್ತಿಲ್ಲ. ಅಂಥವರು ‘ಓದು’ ಕೊಂಡಿದ್ದರೆ ಆಟದ ಪ್ರತಿಯೊಂದು ಓಲೆಗೂ ದೇವನಾಗರಿಯಲ್ಲಿ ಬರೆದ ಪ್ರತಿಯನ್ನು ಲಕೋಟೆಯಲ್ಲಿ ಕೊಟ್ಟಿರುತ್ತೇವೆ. ತಿರುಗುಮುರುಗಾದ ಸಂದರ್ಭವೂ ಇದೆ. ಗುಟ್ಟಿನ ಓಲೆಗಳನ್ನು ತಿಗಳಾರಿ ಲಿಪಿಯಲ್ಲೋ ಮೋಡಿಯಲ್ಲೋ ಬರೆಯುತ್ತೇವೆ, ಅಪರೂಪಕ್ಕೆ ಅದನ್ನು ನಿಜವಾಗಿ ಓದಬಲ್ಲವರು ಇರುತ್ತಾರೆ. ಅವರ ಪಾತ್ರಕ್ಕೆ ಎರಡನೇ ಲಿಪಿ ಇಲ್ಲದಿದ್ದರೆ, ಓದಿದ್ದನ್ನು ಬಾಯಿಬಿಡುವಂತಿಲ್ಲ. ಇದು ಬಲು ಕಷ್ಟದ ಸಂಯಮ. ಅದಕ್ಕಿಂತ ಅವರಿಂದಲೇ 4 ಪಾಯಿಂಟ್ ಖರ್ಚು ಮಾಡಿಸಿ, ಆ ವಿದ್ಯೆಗೊಂದು ಕಥೆ ಬರೆಸುವುದು ಒಳ್ಳೆಯದು. ನಿಜವಾಗಿ ಬರುವ ವಿದ್ಯೆಯನ್ನು ಮರೆಮಾಚುತ್ತ ಎರಡು ದಿನ ಕಳೆಯುವುದು ಯಾರಿಗೂ ಖುಷಿ ಕೊಡುವುದಿಲ್ಲ.

ಮೂರು ಕ್ರಿಯಾಪದ ಬಂದ ಮೇಲೆ ವಿದ್ಯೆಗಳನ್ನು ಆರಿಸಲು ಒಂದು ವಾರ. ಆಮೇಲೆ ಪೂರ್ವಕಥೆ, 300 ಪದ ಮೀರಬಾರದು. ಮೀರಿದರೆ ನಡೆಸುವವರು ಓದುವುದಿಲ್ಲ ಎಂದಲ್ಲ, ಓದುತ್ತಾರೆ. ಆದರೆ 24 ಜನರ ಸಾವಿರ ಸಾವಿರ ಪದಗಳಲ್ಲಿ ಯಾವ ಸಾಲನ್ನು ಆಟದೊಳಕ್ಕೆ ತರಬೇಕು ಎಂಬುದು ತಪ್ಪಿಹೋಗುತ್ತದೆ. ಬರೆದವರು ಭಾನುವಾರದವರೆಗೂ ತಮ್ಮ ಕಳೆದುಹೋದ ಅಣ್ಣನಿಗಾಗಿ ಕಾಯುತ್ತಾರೆ, ಅಣ್ಣ ಬರುವುದೇ ಇಲ್ಲ.

ತಾಳೆ ನೋಡುವುದು ಹೀಗೆ. ಪೂರ್ವಕಥೆಯ ಪ್ರಿಂಟ್ ತೆಗೆದು ಎರಡು ಪೆನ್ನು ಇಟ್ಟುಕೊಳ್ಳುತ್ತೇವೆ. ಹಾಳೆಯಲ್ಲಿರುವ ಪ್ರತಿ ವಿದ್ಯೆಗೂ ಕಥೆಯಲ್ಲಿ ಸಾಲಿದೆಯೇ ಎಂದು ಹುಡುಕಿ, ಇದ್ದರೆ ಅದಕ್ಕೆ ಕೆಂಪು ಗೆರೆ. ಆ ಸಾಲು ಮೂರು ಪ್ರಶ್ನೆಗೆ ಉತ್ತರ ಕೊಡಬೇಕು: ಯಾರು ಕಲಿಸಿದರು, ಎಲ್ಲಿ, ಅದಕ್ಕಾಗಿ ಏನು ತೆತ್ತಿರಿ. ಮೂರನೆಯದನ್ನು ಬಿಡುವವರೇ ಹೆಚ್ಚು, ಆಟಕ್ಕೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದೂ ಅದೇ. ಕರ್ಣ ಪರಶುರಾಮರಲ್ಲಿ ಅಸ್ತ್ರ ಕಲಿತ ಎಂದಷ್ಟೇ ಇದ್ದಿದ್ದರೆ ಅದು ಬರೀ ವಿವರ. ಸುಳ್ಳು ಹೇಳಿ ಕಲಿತ, ಬೇಕಾದ ಹೊತ್ತಿಗೆ ಮರೆತುಹೋಗಲಿ ಎಂಬ ಶಾಪ ಹೊತ್ತ ಎಂಬುದರಿಂದಲೇ ಆ ವಿದ್ಯೆ ಕೊನೆಯವರೆಗೂ ಕಥೆಯನ್ನು ಎಳೆಯಿತು. ತೆತ್ತದ್ದು ದೊಡ್ಡದೇ ಆಗಬೇಕಿಲ್ಲ. ತೀರಿಸದ ಸಾಲ, ಮುರಿದ ಮಾತು, ಗುರುವಿನ ಮನೆಯಿಂದ ಹೇಳದೆ ಎದ್ದು ಬಂದದ್ದು, ಏನಾದರೂ ಸಾಕು.

ಫೋನಿನಲ್ಲಿ ಈ ವಿಚಾರಣೆ ಸಾಮಾನ್ಯವಾಗಿ ಹೀಗಿರುತ್ತದೆ:

‘ಕತ್ತಿ ಯಾರು ಕಲಿಸಿದ್ದು ಮಾರಾಯ್ರೆ?’

‘ಅಪ್ಪ.’

‘ಅಪ್ಪ ಈಗ ಎಲ್ಲಿದ್ದಾರೆ?’

‘ತೀರಿಹೋದ್ರು. ಊರಿಗೆ ಬೆಂಕಿ ಬಿತ್ತಲ್ಲ, ಆಗ.’

‘ಊರಲ್ಲಿ ಉಳಿದವರು ಯಾರೂ ಇಲ್ವಾ?’

‘ಇಲ್ಲ.’

ಇಲ್ಲಿಗೆ ನಿಲ್ಲಿಸಿ ಯಾರನ್ನಾದರೂ ಒಬ್ಬರನ್ನು ಬದುಕಿಸಿ ಎಂದು ಕೇಳಿಕೊಳ್ಳುತ್ತೇವೆ. ಊರು ಸುಟ್ಟು ಎಲ್ಲರೂ ಸತ್ತ ಕಥೆ ದುಃಖದ್ದೇ ಇರಬಹುದು, ಆದರೆ ಕಣಕ್ಕೆ ನಡೆದು ಬರಬಲ್ಲವರು ಅದರಲ್ಲಿ ಯಾರೂ ಉಳಿದಿರುವುದಿಲ್ಲ. ಕತ್ತಿ ಕಲಿಸಿದ ಗುರು ಬದುಕಿದ್ದರೆ ನಡೆಸುವವರಲ್ಲೊಬ್ಬರು ಶನಿವಾರ ರಾತ್ರಿ ಅವರ ವೇಷದಲ್ಲಿ ಬರಬಹುದು, ಅಥವಾ ಅವರ ಹೆಸರಿನ ಓಲೆ ಬರಬಹುದು.

ನೀಲಿ ಪೆನ್ನಿನ ಕೆಲಸ ಇದಕ್ಕಿಂತ ಸೂಕ್ಷ್ಮ. ಕಥೆಯಲ್ಲಿ ವಿದ್ಯೆಯಂತೆ ಕೇಳಿಸುವ, ಆದರೆ ಹಾಳೆಯಲ್ಲಿ ಕೊಳ್ಳದ ಪ್ರತಿಯೊಂದು ಮಾತಿಗೂ ನೀಲಿ ಗೆರೆ. ‘ಕಾಡಿನಲ್ಲೇ ಬೆಳೆದವಳು’ ಎಂದಿದೆ, ಹೆಜ್ಜೆ ಗುರುತು ಕೊಂಡಿಲ್ಲ: ನೀಲಿ. ‘ಆಸ್ಥಾನದ ವೈದ್ಯರ ಶಿಷ್ಯ’ ಎಂದಿದೆ, ಮದ್ದು ಇಲ್ಲ: ನೀಲಿ. ಇಂಥ ಸಾಲುಗಳನ್ನು ಬಿಟ್ಟರೆ ಕಣದಲ್ಲಿ ಜಗಳ ಖಂಡಿತ. ಗಾಯಾಳು ಬಿದ್ದಿರುತ್ತಾನೆ, ಎಲ್ಲರೂ ‘ನೀವು ವೈದ್ಯರ ಶಿಷ್ಯರಲ್ಲವೇ’ ಎಂದು ತಿರುಗಿ ನೋಡುತ್ತಾರೆ, ಆಟಗಾರರು ಹಾಳೆ ನೋಡಿ ತಬ್ಬಿಬ್ಬಾಗುತ್ತಾರೆ.

ನೀಲಿ ಗೆರೆ ಬಿಡಿಸಲು ದಾರಿಗಳಿವೆ. ಪಾಯಿಂಟ್ ಉಳಿದಿದ್ದರೆ ಕೊಂಡುಬಿಡಿ. ಇಲ್ಲವೇ ಕಲಿತ ಕಾಲ ಇಳಿಸಿ: ಹತ್ತು ವರ್ಷ ಕಲಿತ ಶಿಷ್ಯ ಹತ್ತು ತಿಂಗಳು ಕಲಿತವನಾಗಲಿ, ಆಗ ಗಾಯ ಕಟ್ಟುವುದಷ್ಟೇ ಬಂದರೂ ಸರಿಹೋಗುತ್ತದೆ. ಅಥವಾ ವಿದ್ಯೆ ಕಳೆದುಹೋದದ್ದಕ್ಕೆ ಕಾರಣ ಕೊಡಿ: ಬಲಗೈಗೆ ಪೆಟ್ಟು, ಮುಟ್ಟುವುದಿಲ್ಲವೆಂಬ ಆಣೆ, ಗುರುವಿನ ನಿಷೇಧ. ನಮಗೆ ಬಹಳ ಇಷ್ಟವಾದದ್ದು ಇನ್ನೊಂದು: ಪಾತ್ರ ಸುಳ್ಳು ಹೇಳುತ್ತಿದೆ. ‘ನಾನು ಆಸ್ಥಾನದ ವೈದ್ಯರ ಶಿಷ್ಯ’ ಎಂದು ಊರೆಲ್ಲ ಹೇಳಿಕೊಂಡು ಬಂದವನಿಗೆ ಮದ್ದೇ ಗೊತ್ತಿಲ್ಲ ಎಂದಾದಾಗ, ಅದೇ ಕೊರತೆ ಎರಡು ದಿನದ ಆಟವಾಗುತ್ತದೆ. ದಂಡನಾಯಕರ ಗೋಳಿಗೂ ಇದೇ ಔಷಧ. ದಂಡನಾಯಕನ ಕುದುರೆಯಾಳಾಗಿದ್ದವನು ಸತ್ತ ಒಡೆಯನ ಹೆಸರಿಟ್ಟುಕೊಂಡು ತಿರುಗುತ್ತಿದ್ದಾನೆ ಎಂದು ಬರೆಯಿರಿ, 30 ಪಾಯಿಂಟ್‌ಗೆ ಸರಿಯಾಗಿ ಹೊಂದುತ್ತದೆ. ಆದರೆ ಒಂದೇ ಆಟದಲ್ಲಿ ಇಂಥ ಸೋಗಿನವರು ಇಬ್ಬರಿಗಿಂತ ಹೆಚ್ಚಾದರೆ ಯಾರ ಮಾತಿಗೂ ಬೆಲೆ ಇರುವುದಿಲ್ಲ, ಮೂರನೆಯವರಿಗೆ ನಯವಾಗಿ ಬೇಡ ಎನ್ನಬೇಕು.

ಒಂದು ಪಾತ್ರವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸುತ್ತೇವೆ. ನಮ್ಮ ಕಲ್ಪಿತ ಲೋಕದ ಬಂದರು ಗೋವೆಯ ಕದಂಬರ ಕಾಲದ ನೆನಪಿನ ಮೇಲೆ ಕಟ್ಟಿದ್ದು. ಇಂದಿನ ಚಾಂದೋರ್ ಆಗಿರುವ ಚಂದ್ರಾಪುರದಿಂದ ಅವರು ರಾಜಧಾನಿಯನ್ನು ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ಒಯ್ದರು. ಅರಬ್ ಕಡೆಯಿಂದ ಹಡಗಿನಲ್ಲಿ ಕುದುರೆ ತರುವ ವ್ಯಾಪಾರ ಈ ಕರಾವಳಿಯಲ್ಲಿ ಶತಮಾನಗಳ ಕಾಲ ನಡೆದಿದೆ. ನಮ್ಮ ಬಂದರಿಗೆ ಬೇರೆ ಹೆಸರಿದೆ, ರಾಜರೂ ಬೇರೆ, ಆದರೆ ಕುದುರೆ ಹಡಗು, ಸುಂಕದ ಕಟ್ಟೆ, ಕನ್ನಡದಲ್ಲಿ ಕೊರೆದ ಶಾಸನ ಎಲ್ಲ ಅಲ್ಲಿಂದ ಬಂದವು.

ಪಾತ್ರ: ಕುದುರೆ ವರ್ತಕರೊಬ್ಬರ ಲೆಕ್ಕಿಗ. ಮೊದಲ ಕರಡಿನಲ್ಲಿ ಅವನು ಹದಿನೈದು ವರ್ಷ ಕಡಲಲ್ಲಿದ್ದ, ಕಡಲ್ಗಳ್ಳರ ಜೊತೆ ಕತ್ತಿ ಹಿಡಿದು ಕಾದಿದ್ದ, ಪರದೇಶದ ಲಿಪಿ ಓದುತ್ತಿದ್ದ, ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ವಿಷಕ್ಕೆ ಮದ್ದು ಕೊಡುತ್ತಿದ್ದ, ಎಲ್ಲ ಬಂದರಿನಲ್ಲೂ ಗೆಳೆಯರಿದ್ದರು. ಬೆಲೆ ಕೂಡಿಸಿ ನೋಡಿ: ಕತ್ತಿ 5, ಎರಡು ಹೆಚ್ಚಿನ ಪ್ರಾಣ 12, ಓದು 3, ಎರಡನೇ ಲಿಪಿ 4, ಬೆಲೆ ಕಟ್ಟುವುದು 3, ಪ್ರಾಣಿ 3, ಗಾಯ ಕಟ್ಟುವುದು 4, ಮದ್ದು 8, ಬಳಗ 5. ಒಟ್ಟು 47. ಇರುವುದು 30.

ಕ್ರಿಯಾಪದಗಳಿಗೆ ವಾಪಸ್ ಹೋದರೆ ಅಲ್ಲಿದ್ದದ್ದು ‘ಬೆಲೆ ಕಟ್ಟಬೇಕು, ಓಲೆ ಓದಬೇಕು, ಬಿಕ್ಕಟ್ಟಿನಿಂದ ನುಣುಚಿಕೊಳ್ಳಬೇಕು’. ಕಾದಾಟ ಆ ಪಟ್ಟಿಯಲ್ಲೇ ಇಲ್ಲ. ಕತ್ತಿ, ಒಂದು ಪ್ರಾಣ, ಮದ್ದು ಬಿಟ್ಟರೆ 19 ಕಡಿಮೆಯಾಗಿ 28ಕ್ಕೆ ಇಳಿಯಿತು. ಸೊಂಟಕ್ಕೆ ಕಿರುಗತ್ತಿ 2 ಸೇರಿಸಿದರೆ ಸರಿಯಾಗಿ 30. ಇನ್ನು ಕೆಂಪು ಗೆರೆ. ಓದು, ಬೆಲೆಗಳಿಗೆ ವರ್ತಕರೇ ಗುರು. ಆದರೆ ಲೆಕ್ಕಿಗನಿಗೆ ಹೆಚ್ಚಿನ ಪ್ರಾಣ ಎಲ್ಲಿಂದ ಬಂತು? ಗಾಯ ಕಟ್ಟುವುದನ್ನು ಯಾರು ಕಲಿಸಿದರು? ಕಡಲ್ಗಳ್ಳರ ಕಾಳಗ ಈಗ ನೀಲಿ ಗೆರೆಯಾಗಿದೆ, ಅದನ್ನು ಏನು ಮಾಡುವುದು? ತಿದ್ದಿದ ಮೇಲೆ ಪೂರ್ವಕಥೆಯ ತಿರುಳು ಹೀಗಾಯಿತು:

‘ಹುಡುಗನಾಗಿದ್ದಾಗ ಎರಡು ಬೇಸಗೆ ಬಂದರಿನಲ್ಲಿ ಮೂಟೆ ಹೊತ್ತೆ, ಬೆನ್ನು ಗಟ್ಟಿಯಾಯಿತು. ಮೂಟೆಯ ಲೆಕ್ಕ ತಪ್ಪಿದ್ದನ್ನು ಹೇಳಿದ್ದಕ್ಕೆ ವರ್ತಕರು ಕರೆದು ಅಕ್ಷರ ಕಲಿಸಿದರು, ಕುದುರೆಯ ಬೆಲೆ ಕಟ್ಟುವುದನ್ನೂ ಕಲಿಸಿದರು. ಹಡಗಿನವರ ಲಿಪಿ ಮಾತ್ರ ಅವರಿಗೆ ತಿಳಿಯದಂತೆ ಕಲಿತೆ. ಲಾಯದ ರಾವುತಜ್ಜ ಗೊರಸು ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಹೇಳಿಕೊಟ್ಟ. ಅವನ ಮಗಳ ಮದುವೆಗೆ ಕೊಡುತ್ತೇನೆಂದ ಹಣ ಇನ್ನೂ ಕೊಟ್ಟಿಲ್ಲ. ಕಡಲ್ಗಳ್ಳರು ಹಡಗು ಹತ್ತಿದ ರಾತ್ರಿ ನಾನು ಹುಲ್ಲಿನ ಹೊರೆಯ ಹಿಂದೆ ಅಡಗಿದ್ದೆ. ವರ್ತಕರು ಸತ್ತರು. ಲೆಕ್ಕದ ಕಡತ ನನ್ನ ಬಳಿ ಉಳಿಯಿತು, ಅದರ ಕೊನೆಯ ಹಾಳೆಯಲ್ಲಿರುವ ಹೆಸರು ಕಳ್ಳರದ್ದಲ್ಲ.’

ಮೊದಲ ಕರಡಿಗಿಂತ ಈ ಮನುಷ್ಯ ಸಣ್ಣವನು, ಆದರೆ ಇವನ ಒಂದೊಂದು ಸಾಲಿಗೂ ಕಣದಲ್ಲಿ ಹಿಡಿ ಸಿಗುತ್ತದೆ. ರಾವುತಜ್ಜನ ಹಣ ಕೇಳಲು ಯಾರಾದರೂ ಬರಬಹುದು. ಕಡತವನ್ನು ನಿಜವಾಗಿಯೂ ಮಾಡಿ ಕೊಡಬಹುದು: ಉದ್ದಕ್ಕೆ ಮಡಚಿದ ಹಾಳೆ, ಕೆಂಪು ಬಟ್ಟೆಯ ರಟ್ಟು, ಕನ್ನಡ ಅಂಕಿಗಳಲ್ಲಿ ಲೆಕ್ಕ, ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರೆ ಹಳತಿನ ಬಣ್ಣ. ಎರಡನೇ ಲಿಪಿಯನ್ನು ಕದ್ದು ಕಲಿತದ್ದರಿಂದ ಅವನು ಹಡಗಿನವರ ಓಲೆಯನ್ನು ಓದಿಯೂ ಓದದವನಂತೆ ನಿಲ್ಲಬಲ್ಲ. ಕಾಳಗವನ್ನು ಅಡಗುವುದಕ್ಕೆ ತಿರುಗಿಸಿದ್ದರಿಂದ ‘ನುಣುಚಿಕೊಳ್ಳಬೇಕು’ ಎಂಬ ಆಸೆಗೂ ಬೇರು ಸಿಕ್ಕಿತು.

ಇಷ್ಟಾದರೂ ಅರ್ಧ ಕೆಲಸ ಬಾಕಿ. ಪ್ರತಿ ವಿದ್ಯೆಗೂ ಆ ಎರಡು ದಿನದಲ್ಲಿ ಬಾಗಿಲು ಇರಬೇಕು. ನಡೆಸುವವರು ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ವಿದ್ಯೆಗಳನ್ನೂ ಉದ್ದಕ್ಕೆ ಪ್ರಸಂಗಗಳನ್ನೂ ಬರೆದು, ಕೊಂಡ ಪ್ರತಿ ವಿದ್ಯೆಗೂ ಕಡಿಮೆಯೆಂದರೆ ಎರಡು ಪ್ರಸಂಗದಲ್ಲಿ ಗುರುತು ಬೀಳುವಂತೆ ನೋಡಿಕೊಳ್ಳುತ್ತಾರೆ. ಪ್ರಾಣಿಗಳ ಜ್ಞಾನ ಕೊಂಡವರಿದ್ದಾರೆ ಎಂದರೆ ಕುದುರೆಗಳು ಬೇಕು. ನಿಜವಾದ ಕುದುರೆ ತರುವುದಿಲ್ಲ. ಮರದ ಕಂಬಕ್ಕೆ ಬಣ್ಣದ ಬಟ್ಟೆ ಕಟ್ಟಿ, ಒಳಗೆ ಮಡಚಿದ ಚೀಟಿ ಇಡುತ್ತೇವೆ. ವಿದ್ಯೆ ಇದ್ದವರು ಮಾತ್ರ ಚೀಟಿ ಬಿಚ್ಚಬಹುದು: ‘ಎಡ ಮುಂಗಾಲು ಕುಂಟು, ಮುಚ್ಚಿಟ್ಟಿದ್ದಾರೆ.’ ಬಾಗಿಲು ಮಾಡಲಾಗದ ವಿದ್ಯೆಯನ್ನು ಮೊದಲೇ ಪಟ್ಟಿಯಿಂದ ತೆಗೆಯಬೇಕು. ಈಜು ಹಾಗೆ ತೆಗೆದದ್ದು. ಫಾರ್ಮ್‌ಹೌಸ್ ಹಿಂದೆ ಹೊಳೆ ಇದ್ದರೂ ವೇಷ ತೊಟ್ಟವರನ್ನು ನೀರಿಗೆ ಬಿಡುವುದಿಲ್ಲ.

ವಿದ್ಯೆಗಳ ಹಂಚಿಕೆಯನ್ನೂ ನೋಡಬೇಕು. 24 ಜನರಲ್ಲಿ ಗಾಯ ಕಟ್ಟುವವರು ಮೂವರಿಗಿಂತ ಕಡಿಮೆಯಾದರೆ ಬಿದ್ದವರು ಬಿದ್ದಲ್ಲೇ ಬೇಸರದಿಂದ ಕಾಯುತ್ತಾರೆ. ಆರು ಏಳು ಜನರಾದರೆ ಗಾಯಕ್ಕೆ ಯಾರೂ ಹೆದರುವುದಿಲ್ಲ. ನಾಲ್ಕು ಸರಿ. ಗಾಯ ಕಟ್ಟಲು ಪಕ್ಕದಲ್ಲಿ ಕುಳಿತು 60 ಎಣಿಸುತ್ತ ಬಟ್ಟೆಪಟ್ಟಿ ಸುತ್ತಬೇಕು, ಅಷ್ಟು ಹೊತ್ತು ಆಡುವ ಮಾತೇ ನಾಟಿ ವೈದ್ಯೆಯ ಪಾತ್ರವನ್ನು ನಿಲ್ಲಿಸುತ್ತದೆ, ಆದ್ದರಿಂದ ಅವರ ಪೂರ್ವಕಥೆಯಲ್ಲಿ ರೋಗಿಯೊಬ್ಬರು ಇರಲೇಬೇಕು ಎನ್ನುತ್ತೇವೆ: ಉಳಿಸಿದವರು ಅಥವಾ ಉಳಿಸಲಾಗದವರು. ಮದ್ದಿನ ಬೇರು-ಎಲೆಗಳನ್ನು ನಾವೇ ಕೊಡುತ್ತೇವೆ: ಅರಿಶಿನದ ಕೊಂಬು, ಒಣ ದಾಲ್ಚಿನ್ನಿ ಎಲೆ, ಅಂಟುವಾಳ. ಕಾಡಿನಿಂದ ಕೀಳಲು ಬಿಡುವುದಿಲ್ಲ, ಆ ಕಡೆ ಗೇರು ಮರಗಳಿವೆ, ಗೇರಿನ ಸೊನೆ ತಾಗಿದರೆ ಚರ್ಮ ಸುಡುತ್ತದೆ.

ಕಳ್ಳರ ಪಾತ್ರಕ್ಕೆ ಒಂದೇ ಎಚ್ಚರಿಕೆ. ಹಳದಿ ರಿಬ್ಬನ್ ಕಟ್ಟಿದ ವಸ್ತು ಮಾತ್ರ ಕದಿಯಬಹುದು. ಉಳಿದದ್ದಕ್ಕೆ ಕೈ ಹಾಕುವಂತಿಲ್ಲ.

ಮಂತ್ರವಾದಿಗಳ ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ. ಮಂತ್ರದ ಸಾಲುಗಳನ್ನು ಆಟಗಾರರೇ ಹೊಸದಾಗಿ ಕಟ್ಟಬೇಕು, ನಾಲ್ಕು ಸಾಲು, ಬಾಯಿಪಾಠ, ತಪ್ಪಿದರೆ ಮಂತ್ರ ಬಿದ್ದುಹೋಯಿತು. ದೇವರ ಮನೆಯಲ್ಲಿ ಹೇಳುವ ಯಾವುದನ್ನೂ ತರುವಂತಿಲ್ಲ. ಭೂತ-ದೈವಗಳ ಹೆಸರು, ದರ್ಶನದ ವೇಷ, ನುಡಿ ಯಾವುದೂ ಬೇಡ. ನಮ್ಮಲ್ಲಿ ತುಳುನಾಡಿನವರು ಬಹಳ ಮಂದಿ, ಅವರ ಮನೆಗಳಲ್ಲಿ ಅದು ಇಂದಿಗೂ ನಡೆಯುವ ಆರಾಧನೆ, ಅದಕ್ಕೆ ಪಾಯಿಂಟ್ ಬೆಲೆ ಕಟ್ಟುವ ಹಕ್ಕು ನಮಗಿಲ್ಲ.

ಇದಕ್ಕಿಂತಲೂ ಗಟ್ಟಿಯಾದ ಇನ್ನೊಂದು ನಿಯಮವಿದೆ. ಪರದೇಶದ ಆಟಗಳಲ್ಲಿ ‘ಈ ಕುಲದಲ್ಲಿ ಹುಟ್ಟಿದವರಿಗೆ ಈ ವಿದ್ಯೆ ಅಗ್ಗ’ ಎಂಬ ಲೆಕ್ಕ ಸಾಮಾನ್ಯ. ಅಲ್ಲಿ ಅದು ಕಾಡಿನ ಜನ, ಕುಳ್ಳರು ಎಂಬ ಕಲ್ಪನೆಯ ಮಾತು. ಅದನ್ನೇ ಕನ್ನಡಕ್ಕೆ ತಂದು ಬೇಟೆ ಇವರಿಗೆ, ಓದು ಅವರಿಗೆ, ಚರ್ಮದ ಕೆಲಸ ಮತ್ತೊಬ್ಬರಿಗೆ ಎಂದು ಹುಟ್ಟಿನ ಮೇಲೆ ಹಂಚಿದರೆ ಅದು ಜಾತಿಪದ್ಧತಿಯೇ, ಬೇರೇನೂ ಅಲ್ಲ. ಆದ್ದರಿಂದ ನಮ್ಮ ಆಟದಲ್ಲಿ ಹುಟ್ಟಿನಿಂದ ಯಾವ ವಿದ್ಯೆಯೂ ಅಗ್ಗವಾಗುವುದಿಲ್ಲ, ದುಬಾರಿಯೂ ಆಗುವುದಿಲ್ಲ. ಪೂರ್ವಕಥೆಯಲ್ಲಿ ನಿಜವಾಗಿ ಇರುವ ಯಾವ ಜಾತಿಯ ಹೆಸರೂ ಬರಬಾರದು. ‘ನಮ್ಮ ವಂಶಕ್ಕೇ ಬಂದದ್ದು’ ಎಂಬ ಸಾಲಿಗೆ ಕೆಂಪು ಗೆರೆ ಬೀಳುವುದಿಲ್ಲ, ಯಾರು ಕಲಿಸಿದರು ಎಂದು ಬರೆಯಲೇಬೇಕು. ‘ಯಾರು ಕಲಿಸಲು ಒಪ್ಪಲಿಲ್ಲ’ ಎಂದು ಬರೆಯುವವರೂ ಇದ್ದಾರೆ, ಅಂಥ ಪಾತ್ರಗಳು ಬಹಳ ಚೆನ್ನಾಗಿ ಆಡುತ್ತವೆ.

ವೇಷದ ಬಗ್ಗೆ ಚಿಕ್ಕದಾಗಿ. ನೋಡಿದ ಕೂಡಲೇ ಎರಡು ವಿದ್ಯೆಯಾದರೂ ಊಹೆಗೆ ಸಿಗಬೇಕು. ಲೆಕ್ಕಿಗನಿಗೆ ಕಿವಿಯ ಮೇಲೆ ಲೇಖನಿ, ಬೆರಳಿಗೆ ಶಾಯಿ. ವೈದ್ಯೆಗೆ ಹೆಗಲಿಗೆ ಅಡ್ಡಚೀಲ. ಮಂಗಳದಾಸ್ ಮಾರ್ಕೆಟ್ಟಿನಲ್ಲಿ ಬಣ್ಣ ಹಾಕದ ಹತ್ತಿ ಬಟ್ಟೆ ಕೊಂಡು ಮನೆಯಲ್ಲೇ ಚಹಾದಲ್ಲೋ ಅರಿಶಿನದಲ್ಲೋ ಅದ್ದಿದರೆ ಸಾಕು, ಪಾಲಿಯೆಸ್ಟರ್ ಹೊಳಪು ಬೇಡ. ಫೋಮ್ ಕತ್ತಿಗೆ ಪಿವಿಸಿ ಪೈಪ್ ಒಳಗಿಟ್ಟು ತುದಿಗೆ ಮುಚ್ಚಳ ಹಾಕಿ, ಎಸಿ ಪೈಪಿಗೆ ತೊಡಿಸುವ ದಪ್ಪ ಕಪ್ಪು ಇನ್ಸುಲೇಶನ್ ಟ್ಯೂಬ್ ಏರಿಸುತ್ತೇವೆ. ಪೈಪಿನ ತುದಿಯಿಂದಾಚೆಗೆ 5 ಸೆಂಟಿಮೀಟರ್ ಬರೀ ಫೋಮ್ ಇರಬೇಕು. ತಲೆ, ಕುತ್ತಿಗೆಗೆ ಹೊಡೆಯುವಂತಿಲ್ಲ, ತಿವಿಯುವಂತಿಲ್ಲ.

ಶನಿವಾರ ಬೆಳಿಗ್ಗೆ ಕಣಕ್ಕಿಳಿಯುವ ಮುಂಚೆ ಪ್ರತಿಯೊಬ್ಬರೊಂದಿಗೆ ಐದು ನಿಮಿಷ ಕೂರುತ್ತೇವೆ. ಹಾಳೆಯನ್ನು ನಾವು ಹಿಡಿದಿರುತ್ತೇವೆ, ಅವರು ನೋಡದೆ ತಮ್ಮ ವಿದ್ಯೆಗಳನ್ನು ಹೇಳಬೇಕು, ಒಂದೊಂದಕ್ಕೂ ಗುರುವಿನ ಹೆಸರು ಹೇಳಬೇಕು. ಹೆಸರು ನೆನಪಾಗದ ವಿದ್ಯೆಯನ್ನು ಅವರು ಕಣದಲ್ಲೂ ಬಳಸುವುದಿಲ್ಲ, ಇದು ಹೆಚ್ಚುಕಡಿಮೆ ತಪ್ಪಿದ್ದೇ ಇಲ್ಲ. ಆ ಪಾಯಿಂಟ್ ಅಲ್ಲೇ ವಾಪಸ್ ಪಡೆದು ಬೇರೆ ಕೊಳ್ಳಲು ಅವಕಾಶ ಕೊಡುತ್ತೇವೆ.

ಆಟ ಮುಗಿದ ಮೇಲೆ ಎಲ್ಲರಿಗೂ 3 ಪಾಯಿಂಟ್. ಅದನ್ನು ಕೂಡಿಟ್ಟುಕೊಳ್ಳಬಹುದು. ಹೊಸ ವಿದ್ಯೆ ಕೊಳ್ಳಲು ಮಾತ್ರ ಒಂದು ಷರತ್ತು: ಆ ವಿದ್ಯೆ ಇರುವ ಇನ್ನೊಂದು ಪಾತ್ರದ ಬಳಿ ಆಟದೊಳಗೇ 20 ನಿಮಿಷ ಕೂತು ಕಲಿತಿರಬೇಕು, ಕಲಿಸಿದವರು ಏನು ಕೇಳಿದರು ಎಂಬುದನ್ನು ಇಬ್ಬರೂ ಬರೆದು ಕೊಡಬೇಕು. ಆ ಸಾಲು ಪೂರ್ವಕಥೆಯ ಕೆಳಗೆ ಸೇರುತ್ತದೆ, ಮುಂದಿನ ಆಟದ ಹೊತ್ತಿಗೆ ಅದಕ್ಕೂ ಕೆಂಪು ಗೆರೆ ಎಳೆಯುತ್ತೇವೆ.